ಹಾವಿನ ವಿಷ ಇಳಿದ ಮೇಲೂ ಒಂದು ರಕ್ತಪರೀಕ್ಷೆ ಬೇಕು

ಮಾನ್ಯರೇ,

ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿತು. ಒಳ್ಳೆಯ ಕೆಲಸ. ಆದರೆ ಬದುಕಿ ಮನೆಗೆ ಬಂದವರು ಆಮೇಲೆ ಹೇಗಿದ್ದಾರೆ ಎಂದೂ ವಿಚಾರಿಸಬೇಕು.

ನಮ್ಮ ಯಜಮಾನರಿಗೆ ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಡಿಯಿತು. ಕಿಡ್ನಿ ಕೆಟ್ಟು ಡಯಾಲಿಸಿಸ್ ಆಯಿತು, ಹೇಗೋ ಉಳಿದುಕೊಂಡರು. ಒಂದೆರಡು ವರ್ಷದಲ್ಲಿ ಗಡ್ಡ ಬೆಳೆಯುವುದು ನಿಂತಿತು. ಬೇಸಿಗೆಯಲ್ಲೂ ಚಳಿ ಅನ್ನುತ್ತಿದ್ದರು. ಎದ್ದು ನಿಂತರೆ ತಲೆಸುತ್ತು. ದುಡಿಯುವ ಜೀವವನ್ನು ಊರಿನವರು ಸೋಮಾರಿ ಅಂದರು. ಒಂದು ಆಸ್ಪತ್ರೆಯಲ್ಲಿ ಥೈರಾಯ್ಡ್ ಕಡಿಮೆ ಇದೆ ಎಂದು ಬರೀ ಅದರ ಮಾತ್ರೆ ಕೊಟ್ಟರು. ಕೆಲವೇ ವಾರದಲ್ಲಿ ವಾಂತಿ ಜಾಸ್ತಿಯಾಗಿ, ಬಿಪಿ ಇಳಿದು, ಪ್ರಜ್ಞೆ ತಪ್ಪಿತು.

ಬೆಂಗಳೂರಿನ ಹಾರ್ಮೋನ್ ಡಾಕ್ಟರು ಕಾರಣ ಬಿಡಿಸಿ ಹೇಳಿದರು. ಈ ವಿಷ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೆ ರಕ್ತ ಸಿಗದೆ ಅದು ಸಾಯುತ್ತದೆ. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ, ಥೈರಾಯ್ಡ್ ಎಲ್ಲಕ್ಕೂ ಕೆಲಸ ಹೇಳುವುದು ಅದೇ ಅಲ್ವಾ? ಅಡ್ರಿನಲ್‌ನಿಂದ ಬರುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಇಲ್ಲದವರಿಗೆ ಥೈರಾಯ್ಡ್ ಮಾತ್ರೆ ಮೊದಲು ಕೊಟ್ಟರೆ ಜೀವಕ್ಕೇ ಅಪಾಯ. ಕಾರ್ಟಿಸಾಲ್ ಬದಲಿಗೆ ಕೊಡುವ ಸ್ಟೀರಾಯ್ಡ್ ಮೊದಲು, ಥೈರಾಯ್ಡ್ ಆಮೇಲೆ. ಬರ್ಮಾದಲ್ಲಿ ಕೊಳಕುಮಂಡಲ ಕಡಿದವರಲ್ಲಿ ಇದೇ ತೊಂದರೆ ಕಂಡದ್ದು 1987ರಲ್ಲೇ ವೈದ್ಯ ಪತ್ರಿಕೆಯಲ್ಲಿ ಬಂದಿದೆಯಂತೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರಿಗೂ ಹೀಗಾಗುತ್ತದೆ. ಮಗುವಿಗೆ ಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ.

ಪಿಟ್ಯುಟರಿಯಿಂದಲೇ ಬರುವ ಬೆಳವಣಿಗೆ ಹಾರ್ಮೋನೂ ನಮ್ಮ ಯಜಮಾನರಿಗೆ ಕಡಿಮೆ. ಅದು ಬಿಟ್ಟುಬಿಟ್ಟು ಬರುವುದರಿಂದ ಒಮ್ಮೆ ರಕ್ತ ತೆಗೆದರೆ ತಿಳಿಯುವುದಿಲ್ಲ, ಅದರ ಪ್ರಭಾವದಿಂದ ರಕ್ತದಲ್ಲಿ ಉಂಟಾಗುವ ಐಜಿಎಫ್-1 ಎಂಬ ಅಂಶ ನೋಡಬೇಕು. ದೊಡ್ಡವರಲ್ಲೂ ಅದು ಮಾಂಸಖಂಡಕ್ಕೆ, ಮೂಳೆಗೆ ಬೇಕು. ದಿನಾ ಚುಚ್ಚುವ ಆ ಇಂಜೆಕ್ಷನ್ ನಮ್ಮ ಕೈಗೆ ಎಟುಕುವುದಿಲ್ಲ. ಜೀವ ಉಳಿಸುವ ಸ್ಟೀರಾಯ್ಡ್ ಮಾತ್ರೆ ಮಾತ್ರ ಅಗ್ಗ. ಅದನ್ನು ಒಂದು ದಿನವೂ ಬಿಡುವಂತಿಲ್ಲ, ಜ್ವರ ಬಂದರೆ ಎರಡು ಮೂರು ಪಟ್ಟು ತೆಗೆದುಕೊಳ್ಳಬೇಕು. ಈಗ ಯಜಮಾನರು ಮತ್ತೆ ಗದ್ದೆಗೆ ಇಳಿಯುತ್ತಿದ್ದಾರೆ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಕೊಳಕುಮಂಡಲ ಕಡಿದವರ ಡಿಸ್ಚಾರ್ಜ್ ಚೀಟಿಯಲ್ಲಿ 'ಸುಸ್ತು, ತಲೆಸುತ್ತು ಇದ್ದರೆ ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ಮಾಡಿಸಿ' ಎಂದು ಕನ್ನಡದಲ್ಲಿ ಬರೆಯಲಿ. ಆ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಲಿ.

– ರೈತ ಮಹಿಳೆ, ಮದ್ದೂರು ತಾಲ್ಲೂಕು