ತರಗತಿಗೆ ಹೋಗುವ ಮುನ್ನ

ಮಗಳೇ,

ಸೋಮವಾರದಿಂದ ನಿನ್ನ ತರಗತಿಗಳು ಆರಂಭವಾಗುತ್ತವೆ. ಕುಡಿದು ಕಾರು ಓಡಿಸಿದ್ದಕ್ಕೆ ಜೈಲಿಗೆ ಬದಲಾಗಿ ನ್ಯಾಯಾಧೀಶರು ವಿಧಿಸಿದ ಈ ಶಿಕ್ಷಣ ಕಾರ್ಯಕ್ರಮಕ್ಕೆ ‘ಹೋಗಿ ಹಾಜರಿ ಹಾಕಿಸಿ ಬಂದರಾಯಿತು’ ಎಂದು ನೀನು ಅಂದ ಕೂಡಲೇ ನಾನು ಫೋನ್ ಇಟ್ಟುಬಿಟ್ಟೆ. ಉಳಿದುದನ್ನು ಬರೆದು ಹೇಳುತ್ತಿದ್ದೇನೆ. ಆ ರಾತ್ರಿ ನಡೆದುದು ಇಬ್ಬರಿಗೂ ಗೊತ್ತಿದೆ, ಅದನ್ನು ಕೆದಕುವುದಿಲ್ಲ.

ನನ್ನನ್ನು ಕಾಡುತ್ತಿರುವುದು ನಡೆಯದೇ ಉಳಿದದ್ದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಬ್ರೇಕ್ ಒತ್ತಲು ಅರ್ಧ ಸೆಕೆಂಡ್ ತಡವಾದರೂ ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಪೊಲೀಸರು ತಡೆಯುವ ಮುನ್ನ ನೀನು ದಾಟಿದ ಪ್ರತಿ ತಿರುವಿನಲ್ಲೂ ಆ ಎಂಟು ಮೀಟರ್ ಖಾಲಿಯಿತ್ತು, ಅಷ್ಟೇ. ಕಣ್ಣು ಮುಚ್ಚಿದರೆ ನಾನು ಅಲ್ಲಿ ಯಾರನ್ನೋ ನಿಲ್ಲಿಸಿ ನೋಡುತ್ತೇನೆ: ಒಮ್ಮೆ ಸೈಕಲ್ ತಳ್ಳಿಕೊಂಡು ಹೊರಟ ಮುದುಕ, ಒಮ್ಮೆ ನಿನ್ನದೇ ವಯಸ್ಸಿನ ಹುಡುಗಿ, ಒಮ್ಮೆ ಅವಳ ತಂದೆ. ಬೇಡವೆಂದರೂ ಮತ್ತೆ ಲೆಕ್ಕ ಹಾಕುತ್ತೇನೆ. ಎಂಟು ಮೀಟರೇ ಬರುತ್ತದೆ.

‘ನಾನು ಸರಿಯಾಗಿಯೇ ಇದ್ದೆ’ ಎಂದೆಯಲ್ಲ, ನೀನು ಸುಳ್ಳು ಹೇಳಲಿಲ್ಲ ಎಂದೇ ನಂಬುತ್ತೇನೆ. ಭಯವಿರುವುದೂ ಅಲ್ಲಿಯೇ. ಕಾಲು ತಡವರಿಸುವ ಮೊದಲೇ ಮದ್ಯವು ವಿವೇಚನೆಯನ್ನು ಮಂದಗೊಳಿಸುವುದರಿಂದ, ಸರಿಯಿದ್ದೇನೆಯೇ ಎಂದು ತೂಗಬೇಕಾದ ಬುದ್ಧಿಯೇ ಆಗ ಕೆಟ್ಟಿರುತ್ತದೆ. ಕಾಫಿ, ತಣ್ಣೀರಿನ ಸ್ನಾನ ನಿದ್ದೆ ಓಡಿಸಬಹುದು. ರಕ್ತದಲ್ಲಿರುವ ಮದ್ಯವನ್ನು ಯಕೃತ್ತು ತನ್ನ ಗತಿಯಲ್ಲೇ ಕರಗಿಸುತ್ತದೆ, ಅದನ್ನು ಅವಸರಪಡಿಸಲಾಗದು. ಪಾಠ ಶುರುಮಾಡಿಬಿಟ್ಟೆ, ಕ್ಷಮಿಸು. ಇದನ್ನೆಲ್ಲ ಅಲ್ಲಿಯೂ ಹೇಳುತ್ತಾರೆ.

ಇಂಥ ತರಗತಿಗಳಿಂದ ಪ್ರಯೋಜನವುಂಟೇ ಎಂದು ನಾನೂ ಓದಿ ನೋಡಿದೆ. 215 ಅಧ್ಯಯನಗಳನ್ನು ಒಟ್ಟುಗೂಡಿಸಿ 1995ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಮತ್ತೆ ಕುಡಿದು ವಾಹನ ಓಡಿಸುವುದು ಇವುಗಳಿಂದ ಶೇ 7ರಿಂದ 9ರಷ್ಟು ತಗ್ಗುತ್ತದೆ. ಪಾಠದ ಜೊತೆ ಆಪ್ತ ಸಮಾಲೋಚನೆ ಮತ್ತು ಆಮೇಲಿನ ನಿಗಾ ಸೇರಿದಲ್ಲಿ ಫಲ ಹೆಚ್ಚು. ದೊಡ್ಡ ಅಂಕಿಯೇನಲ್ಲ. ಆದರೆ ಜೈಲಿನಲ್ಲಿ ಸುಮ್ಮನೆ ದಿನ ಕಳೆಯಬಹುದು. ಇಲ್ಲಿ ಬಾಯಿಬಿಟ್ಟು ಉತ್ತರಿಸಬೇಕು. ಎಷ್ಟು ಕುಡಿಯುತ್ತೀ, ಯಾವಾಗ, ಯಾಕೆ ಎಂದು ಕೇಳುವ ಪ್ರಶ್ನಾವಳಿಯನ್ನು ಕೊಟ್ಟರೆ ಒಂದು ಲೋಟವನ್ನೂ ಕಡಿಮೆ ಮಾಡಿ ಬರೆಯಬೇಡ. ಮಕ್ಕಳನ್ನು ರಸ್ತೆಯಲ್ಲಿ ಕಳೆದುಕೊಂಡವರು ಬಂದು ಮಾತನಾಡಿದರೆ ತಲೆ ತಗ್ಗಿಸದೆ ಅವರ ಮುಖ ನೋಡಿ ಕೇಳು.

ವಕೀಲರು ಬೇಡವೆಂದರೂ ನ್ಯಾಯಾಲಯದಲ್ಲಿ ಕುಡಿದಿದ್ದೆನೆಂದು ನೀನೇ ಒಪ್ಪಿಕೊಂಡೆ. ಆ ಹೆಮ್ಮೆಯನ್ನು ಅಂದು ಹೇಳಲಾಗಲಿಲ್ಲ, ಸಿಟ್ಟು ಹೆಚ್ಚಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ಲೈಸೆನ್ಸ್ ಮರಳುವವರೆಗೆ ತರಗತಿಗೆ ನಾನೇ ಕರೆದೊಯ್ಯುತ್ತೇನೆ. ದಾರಿಯಲ್ಲಿ ಈ ವಿಷಯ ಎತ್ತುವುದಿಲ್ಲವೆಂದು ಮಾತ್ರ ಮಾತು ಕೊಡಲಾರೆ.

ನಿನ್ನ,
ಅಪ್ಪ