ಮುಂಗಡ ಅಡುಗೆ: ಮೊದಲು ಕಲಿಯಬೇಕಾದದ್ದು ತಣಿಸುವ ಕ್ರಮ

ಮಾನ್ಯ ಸಂಪಾದಕರೇ,

ಅಡುಗೆಯನ್ನು ಮುಂಚಿತವಾಗಿ ಮಾಡಿ ಫ್ರೀಜರಿನಲ್ಲಿ ಇಟ್ಟುಕೊಳ್ಳುವ ಕ್ರಮದ ಬಗ್ಗೆ ಈಚೆಗೆ ಆಗಾಗ ಲೇಖನಗಳು ಬರುತ್ತಿವೆ. ದುಡಿದು ದಣಿದು ಬಂದವರು ಮತ್ತೆ ಒಲೆಯ ಮುಂದೆ ನಿಲ್ಲದೆ ತಮ್ಮ ಕೈಯಡುಗೆಯನ್ನೇ ಉಣ್ಣುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಹೊಸಬರಿಗೆಂದು ಬರೆದ ಬಹಳಷ್ಟು ಬರಹಗಳು, ರಜೆಯ ದಿನವೊಂದನ್ನು ಪೂರ್ತಿ ಮೀಸಲಿಟ್ಟು ತಿಂಗಳಿಗಾಗುವಷ್ಟು ಅಡುಗೆ ಮಾಡಿಬಿಡಿ ಎಂಬಲ್ಲಿಂದಲೇ ಶುರುವಾಗುತ್ತವೆ. ಬೇಯಿಸಿದ್ದನ್ನು ತಣಿಸುವುದು ಹೇಗೆ ಎಂಬ ವಿಷಯ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಹೊಸಬರು ಸೋಲುವುದು ಈ ಎರಡು ಕಡೆಗಳಲ್ಲಿಯೇ ಎಂದು ನನಗೆ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆರಂಭಿಸುವವರು ಹೊಸ ಪಾಕವಿಧಾನ ಹುಡುಕಬೇಕಾಗಿಲ್ಲ. ಮನೆಯಲ್ಲಿ ಹೇಗೂ ಮಾಡುವ, ಎಲ್ಲರಿಗೂ ಒಗ್ಗಿರುವ ಒಂದು ಅಡುಗೆಯನ್ನು ಆ ದಿನ ದುಪ್ಪಟ್ಟು ಮಾಡಿ, ಅರ್ಧವನ್ನು ಉಂಡು ಉಳಿದರ್ಧವನ್ನು ಒಂದು ಹೊತ್ತಿಗೆ ಸಾಲುವಷ್ಟು ಪಾಲುಗಳಾಗಿ ಫ್ರೀಜರಿಗೆ ಸೇರಿಸಿದರೆ ಸಾಕು. ಮುಂದಿನ ವಾರ ಇನ್ನೊಂದು ಅಡುಗೆ. ಒಂದೇ ದಿನ ಎಲ್ಲವನ್ನೂ ಮಾಡಬೇಡಿ ಎನ್ನುವುದಕ್ಕೆ ದಣಿವಿನ ಜೊತೆಗೆ ಬೇರೊಂದು ಕಾರಣವೂ ಇದೆ. ಮನೆಯ ಫ್ರೀಜರಿಗೆ ಒಮ್ಮೆಗೆ ಇಷ್ಟೇ ಎಂಬ ಮಿತಿಯಿದ್ದು, 100 ಲೀಟರ್ ಸಾಮರ್ಥ್ಯದ ಫ್ರೀಜರು 24 ಗಂಟೆಗಳಲ್ಲಿ ಸರಿಯಾಗಿ ಹೆಪ್ಪುಗಟ್ಟಿಸಬಲ್ಲದ್ದು ಹೆಚ್ಚುಕಡಿಮೆ 3ರಿಂದ 4 ಕಿಲೋಗ್ರಾಂ ಹೊಸ ಆಹಾರವನ್ನು ಮಾತ್ರ. ಅದನ್ನು ಮೀರಿ ಡಬ್ಬಿಗಳನ್ನು ತುರುಕಿದರೆ ಒಳಗಿನ ಉಷ್ಣಾಂಶ ಏರಿ, ಮೊದಲೇ ಗಟ್ಟಿಯಾಗಿದ್ದವೂ ಸಡಿಲಗೊಳ್ಳುತ್ತವೆ. ಹೊಸದಾಗಿ ಇಟ್ಟದ್ದು ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಅದರೊಳಗಿನ ನೀರು ದೊಡ್ಡ ದೊಡ್ಡ ಹರಳುಗಳಾಗಿ ಜೀವಕೋಶಗಳ ಗೋಡೆಯನ್ನು ಹರಿದುಹಾಕುತ್ತದೆ. ಕರಗಿಸಿದಾಗ ತರಕಾರಿ ನೀರು ಬಿಟ್ಟು ಮೆತ್ತಗಾಗುವುದು ಇದರಿಂದಲೇ.

ಇನ್ನು ತಣಿಸುವ ವಿಷಯ. ಬಿಸಿ ಪೂರ್ತಿ ಆರಿದ ಮೇಲೆಯೇ ಫ್ರಿಜ್ಜಿಗೆ ಇಡಬೇಕೆಂದು ನಂಬಿ, ತುಂಬಿದ ಪಾತ್ರೆಯನ್ನು ಮುಚ್ಚಿ ರಾತ್ರಿಯಿಡೀ ಅಡುಗೆಕಟ್ಟೆಯ ಮೇಲೆ ಬಿಡುವವರು ಬಹಳ. ಆಹಾರ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ, ಏಕೆಂದರೆ ಅವು ವೇಗವಾಗಿ ಹೆಚ್ಚುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬೇಯಿಸಿದ ಆಹಾರ ಆ ಅಂತರದಲ್ಲಿ 2 ಗಂಟೆಗಿಂತ ಹೆಚ್ಚು ನಿಲ್ಲಬಾರದು. ಕೋಣೆಯೇ 32 ಡಿಗ್ರಿಗಿಂತ ಬಿಸಿಯಾಗಿದ್ದರೆ 1 ಗಂಟೆಯೇ ಮಿತಿ. ಆಳವಾದ ಪಾತ್ರೆಯ ಹೊರಮೈ ಮುಟ್ಟಿದರೆ ತಣ್ಣಗಿದ್ದರೂ, ಸೌಟನ್ನು ತಳದವರೆಗೆ ಇಳಿಸಿ ಮಗುಚಿದಾಗ ನಡುವಿನಿಂದ ಇನ್ನೂ ಹಬೆ ಏಳುವುದನ್ನು ಯಾರಾದರೂ ನೋಡಬಹುದು. ಆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆದ್ದರಿಂದ ಅಡುಗೆಯನ್ನು 5 ಸೆಂಟಿಮೀಟರ್ ಮೀರದ ದಪ್ಪದಲ್ಲಿ ಅಗಲವಾದ ತಟ್ಟೆಗಳಿಗೆ ಹರಡಬೇಕು, ಇಲ್ಲವೇ ಪಾತ್ರೆಯನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿ ಕೂರಿಸಿ ಆಗಾಗ ತಿರುವುತ್ತಿರಬೇಕು. ಹಬೆ ಅಡಗಿದ ಕೂಡಲೇ ಫ್ರಿಜ್ಜಿಗೆ, ಅಲ್ಲಿ ಚೆನ್ನಾಗಿ ತಣಿದ ಮೇಲೆ ಫ್ರೀಜರಿಗೆ.

ಅನ್ನದ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ನಿಂತಾಗ ಅವು ಮೊಳೆತು ಹೆಚ್ಚುತ್ತವೆ, ಆಗ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರೀಜರಿನ ಆಹಾರವೆಂದರೆ ತಂಗಳು, ಅದು ಆರೋಗ್ಯಕ್ಕೆ ಕೆಟ್ಟದ್ದು ಎಂದು ದೂರುವವರಿಗೆ ನಾನು ಹೇಳುವುದು ಇಷ್ಟೇ: ಕೆಡುಕು ನಡೆಯುವುದು ಫ್ರೀಜರಿನ ಒಳಗಲ್ಲ, ಅದರೊಳಗೆ ಹೋಗುವ ಮುಂಚಿನ ಮತ್ತು ಹೊರಬಂದ ನಂತರದ ಗಂಟೆಗಳಲ್ಲಿ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಎಲ್ಲವೂ ಸಾಯುವುದೂ ಇಲ್ಲವಾದ್ದರಿಂದ, ಇಡುವಾಗ ಕೆಟ್ಟಿದ್ದ ಆಹಾರವನ್ನು ಫ್ರೀಜರು ಒಳ್ಳೆಯದನ್ನಾಗಿ ಮಾಡಲಾರದು.

ಎಲ್ಲ ಫ್ರೀಜರುಗಳೂ ಮೈನಸ್ 18ಕ್ಕೆ ಇಳಿಯುವುದಿಲ್ಲ ಎಂಬುದನ್ನೂ ಹೊಸಬರಿಗೆ ತಿಳಿಸಬೇಕು. ಕೆಲವು ಫ್ರಿಜ್ಜುಗಳ ಮಂಜಿನ ಗೂಡಿನ ಮೇಲೆ ನಕ್ಷತ್ರಗಳ ಗುರುತು ಇರುತ್ತದೆ. ಒಂದು ನಕ್ಷತ್ರವೆಂದರೆ ಮೈನಸ್ 6, ಎರಡೆಂದರೆ ಮೈನಸ್ 12, ಮೂರೆಂದರೆ ಮೈನಸ್ 18 ಡಿಗ್ರಿ. ಒಂದೇ ನಕ್ಷತ್ರದ ಗೂಡಿನಲ್ಲಿ ಹೆಪ್ಪುಗಟ್ಟಿದ ಆಹಾರವನ್ನು ಒಂದು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ. ಗುರುತು ಇಲ್ಲದಿದ್ದರೆ ಸಣ್ಣ ಥರ್ಮಾಮೀಟರ್ ಒಂದನ್ನು ಒಳಗಿಟ್ಟು ನೋಡುವುದು ಒಳ್ಳೆಯದು.

ತುಂಬಿಡುವುದಕ್ಕೆ ದುಬಾರಿ ಡಬ್ಬಿಗಳೇನೂ ಬೇಡ. ಸೂಪು, ಬೇಯಿಸಿದ ಬೇಳೆಕಾಳು, ಟೊಮೆಟೊ ಗೊಜ್ಜಿನಂಥ ಅಡುಗೆಯನ್ನು ಜಿಪ್ ಇರುವ ಫ್ರೀಜರ್ ಚೀಲಕ್ಕೆ ಹಾಕಿ, ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿ, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಗಟ್ಟಿಯಾಗಲು ಬಿಟ್ಟರೆ, ಮರುದಿನ ಅವನ್ನು ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಬಹುದು. ತೆಳುವಾಗಿರುವುದರಿಂದ ಬೇಗ ಕರಗುತ್ತವೆ ಕೂಡ. ಒಳಗೆ ಗಾಳಿ ಉಳಿದರೆ ಆಹಾರದ ಮೇಲ್ಮೈ ಒಣಗಿ ಬಿಳಿಚಿಕೊಂಡು ರುಚಿಗೆಡುತ್ತದೆಯಾದರೂ ಅದರಿಂದ ಆರೋಗ್ಯಕ್ಕೆ ಅಪಾಯವಿಲ್ಲ. ಡಬ್ಬಿಯನ್ನೇ ಬಳಸುವುದಾದರೆ ಅಂಚಿನವರೆಗೆ ತುಂಬಬಾರದು, ಏಕೆಂದರೆ ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಗಾಜಿನ ಜಾಡಿಗಳು ಸೀಳುವುದು ಹೀಗೆಯೇ. ಪ್ರತಿಯೊಂದರ ಮೇಲೂ ಹೆಸರು, ದಿನಾಂಕ ಬರೆಯಲೇಬೇಕು. ಗಟ್ಟಿಯಾದ ಮೇಲೆ ಎಲ್ಲವೂ ಒಂದೇ ಬಣ್ಣದ ಗಡ್ಡೆಯಾಗಿ ಕಾಣುತ್ತದೆ.

ಎಲ್ಲ ಅಡುಗೆಯೂ ಫ್ರೀಜರಿಗೆ ಒಗ್ಗುವುದಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಿನಂತಾಗುತ್ತದೆ, ಆಲೂಗಡ್ಡೆಯ ಹೋಳು ಪುಡಿಪುಡಿಯಾಗುತ್ತದೆ, ಮೊಸರು ಒಡೆಯುತ್ತದೆ, ಸೌತೆಕಾಯಿ ಸೋರುತ್ತದೆ. ಇಂಥವನ್ನು ಉಣ್ಣುವ ದಿನವೇ ಸೇರಿಸುವುದು ಲೇಸು. ಬೀನ್ಸ್, ಬಟಾಣಿಯಂಥ ಹಸಿ ತರಕಾರಿಯನ್ನು ಇಡುವುದಾದರೆ ಕುದಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತಣ್ಣೀರಿಗೆ ಹಾಕಿ ತೆಗೆಯಬೇಕು. ಇಲ್ಲವಾದರೆ ಅವುಗಳೊಳಗಿನ ಕಿಣ್ವಗಳು ಆ ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತವೆ.

ಹೊರತೆಗೆದ ಗಡ್ಡೆಯನ್ನು ಅಡುಗೆಕಟ್ಟೆಯ ಮೇಲೆ ಕರಗಲು ಬಿಡದೆ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ ಇಳಿಸಿಡಬೇಕು. ಬಿಸಿ ಮಾಡುವಾಗ ನಡುಭಾಗವೂ 75 ಡಿಗ್ರಿ ಮುಟ್ಟಬೇಕು. ತೆಳುವಾದ ಪದಾರ್ಥವಾದರೆ ಚೆನ್ನಾಗಿ ಒಂದು ಕುದಿ ಬರಬೇಕು. ವಿದ್ಯುತ್ ಹೋದಾಗ ಗಾಬರಿಬಿದ್ದು ಬಾಗಿಲು ತೆರೆದು ನೋಡುತ್ತಿರಬಾರದು. ಮುಚ್ಚಿಯೇ ಇದ್ದರೆ, ತುಂಬಿದ ಫ್ರೀಜರು ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತನ್ನ ತಂಪನ್ನು ಹಿಡಿದಿಡುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಒಂದೇ. ಪತ್ರಿಕೆಯಲ್ಲಿ ಪ್ರಕಟವಾಗುವ ಪಾಕವಿಧಾನಗಳು ಬಡಿಸುವ ಹಂತಕ್ಕೇ ನಿಂತುಬಿಡುತ್ತವೆ. ಪ್ರತಿಯೊಂದರ ಕೆಳಗೂ, ಆ ಅಡುಗೆಯನ್ನು ಫ್ರೀಜರಿನಲ್ಲಿ ಇಡಬಹುದೇ, ಯಾವ ಹಂತದಲ್ಲಿ ಒಲೆಯಿಂದ ಇಳಿಸಿ ತಣಿಸಬೇಕು, ಯಾವ ಪದಾರ್ಥವನ್ನು ಬಿಸಿ ಮಾಡುವ ದಿನಕ್ಕೆ ಉಳಿಸಿಕೊಳ್ಳಬೇಕು, ಎಷ್ಟು ವಾರ ರುಚಿ ಕೆಡದೆ ಇರುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಸೇರಿಸುವಂತೆ ಲೇಖಕರನ್ನು ಕೇಳಿಕೊಳ್ಳಬೇಕಾಗಿ ಕೋರುತ್ತೇನೆ. ಅಡುಗೆಯನ್ನು ಮಾಡಿ ನೋಡಿಯೇ ಬರೆಯುವವರು ಅವರು. ಈ ಎರಡು ಸಾಲುಗಳನ್ನು ಅವರಷ್ಟು ಖಚಿತವಾಗಿ ಬೇರೆಯವರು ಹೇಳಲಾರರು.

ತಮ್ಮ ವಿಶ್ವಾಸಿ,
ಓದುಗರೊಬ್ಬರು