ಏರ್ ಫಿಲ್ಟರ್ ಇರುವುದು ಮೈಲೇಜಿಗಲ್ಲ, ಎಂಜಿನ್ನಿನ ರಕ್ಷಣೆಗೆ

ಮಾನ್ಯ ಸಂಪಾದಕರೇ,

ಕಾರಿನ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂಬ ಸಲಹೆ ವಾಹನ ನಿರ್ವಹಣೆಯ ಲೇಖನಗಳಲ್ಲಿ ಪದೇ ಪದೇ ಕಾಣುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಎಂಬ ಭಾಗವಿದ್ದ ಹಳೆಯ ಕಾರುಗಳ ಮಟ್ಟಿಗೆ ಆ ಮಾತಿನಲ್ಲಿ ಹುರುಳಿತ್ತು. ಇಂದಿನ ಫ್ಯುಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಾದರೋ ಒಳಬರುವ ಗಾಳಿಯ ಪ್ರಮಾಣವನ್ನು ಸೆನ್ಸರ್‌ಗಳ ಮೂಲಕ ಅರಿತು ಅದಕ್ಕೆ ತಕ್ಕಷ್ಟೇ ಇಂಧನ ಬಿಡುವ ವ್ಯವಸ್ಥೆ ಇರುವುದರಿಂದ, ಫಿಲ್ಟರ್ ಕಟ್ಟಿಕೊಂಡಾಗ ಮುಖ್ಯವಾಗಿ ಕುಗ್ಗುವುದು ಪಿಕಪ್. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ 2009ರ ವರದಿಯೂ ಇದನ್ನೇ ಹೇಳಿದೆ. ಮೈಲೇಜಿನ ಆಸೆಯಿಂದ ಫಿಲ್ಟರ್ ಬದಲಾಯಿಸಿದವರು ವ್ಯತ್ಯಾಸ ಕಾಣದೆ ಅದರ ಗೊಡವೆಯನ್ನೇ ಬಿಟ್ಟುಬಿಡುವ ಸಂಭವವಿದೆ ಎಂಬುದೇ ನನ್ನ ಆತಂಕ.

ಫಿಲ್ಟರಿನ ನಿಜವಾದ ಕೆಲಸ ಎಂಜಿನ್ನನ್ನು ಸವೆತದಿಂದ ಕಾಯುವುದು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಆ ಗಾಳಿಯ ದೂಳಿನಲ್ಲಿರುವ ಗಡಸು ಸಿಲಿಕಾ ಕಣಗಳು ಒಳಹೊಕ್ಕರೆ, ಆಯಿಲ್‌ನೊಂದಿಗೆ ಬೆರೆತು, ಪಿಸ್ಟನ್ ರಿಂಗ್‌ಗೂ ಸಿಲಿಂಡರಿನ ಗೋಡೆಗೂ ನಡುವೆ ಉಜ್ಜುಕಾಗದದಂತೆ ಅರೆಯುತ್ತವೆ. ಕ್ರಮೇಣ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇಳಿಯುತ್ತದೆ; ಎಂಜಿನ್ನು ಆಯಿಲನ್ನು ಕುಡಿಯತೊಡಗುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರುಗಳಲ್ಲಿ ಅತಿ ವೇಗದಲ್ಲಿ ತಿರುಗುವ ಕಂಪ್ರೆಸರಿನ ಎಸಳುಗಳೇ ಮೊದಲು ಈ ಹೊಡೆತಕ್ಕೆ ಸಿಗುತ್ತವೆ.

ಆದ್ದರಿಂದ ಕೊಳೆಯಾದ ಫಿಲ್ಟರಿಗಿಂತ ಹರಿದ ಅಥವಾ ಸರಿಯಾಗಿ ಕೂರದ ಫಿಲ್ಟರಿಗೆ ನಾವು ಹೆಚ್ಚು ಹೆದರಬೇಕು. ಕಾಗದದ ಫಿಲ್ಟರಿನ ಮೇಲೆ ತುಸು ದೂಳು ಕೂತ ಮೇಲೆ ಅದು ಹೊಸದಾಗಿದ್ದಾಗಿನದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಪ್ರತಿ ಸರ್ವಿಸ್‌ನಲ್ಲೂ ಅದನ್ನು ತೆಗೆದು, ಗ್ಯಾರೇಜಿನ ಏರ್ ಕಂಪ್ರೆಸರಿನ ಜೋರು ಗಾಳಿ ಹಿಡಿದು, ನೆಲಕ್ಕೆ ಬಡಿದು ಮತ್ತೆ ಹಾಕುವ ರೂಢಿಯಿಂದ ಮಡಿಕೆಗಳು ಹರಿಯಬಹುದು, ರಬ್ಬರ್ ಅಂಚು ಸೊಟ್ಟಗಾಗಬಹುದು. ಆ ಸಂದಿಯಿಂದ ನುಗ್ಗುವ ಗಾಳಿಗೆ ಸೋಸುವಿಕೆಯೇ ಇರುವುದಿಲ್ಲ. ತೊಳೆಯಬಹುದಾದ ಬಟ್ಟೆಯ ಫಿಲ್ಟರ್‌ಗಳ ಮಾತು ಬೇರೆ, ಕಾಗದದ್ದನ್ನು ಮಾತ್ರ ಎಂದೂ ತೊಳೆಯಬಾರದು.

ಬದಲಾವಣೆಯ ಅವಧಿಗೆ ಕಾರಿನ ಕೈಪಿಡಿಯೇ ಆಧಾರ. ದೂಳಿನ ದಾರಿಯಲ್ಲಿ ಓಡುವ ವಾಹನಗಳಿಗೆ ಬಹುತೇಕ ಕೈಪಿಡಿಗಳು ಕಡಿಮೆ ಅವಧಿ ಸೂಚಿಸುತ್ತವೆ. ನಾವು ಸಾಮಾನ್ಯವಾಗಿ ಓದದೆ ಬಿಡುವ ಸಾಲೂ ಅದೇ. ಹೊಸದನ್ನು ಹಾಕುವ ಮುನ್ನ ಫಿಲ್ಟರ್ ಕೂರುವ ಡಬ್ಬಿಯ ಒಳಗಿನ ಕಸವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎಂಜಿನ್ ಕಡೆಯ ಕೊಳವೆಗೆ ಏನೂ ಬೀಳದಂತೆ ನೋಡಿಕೊಂಡು, ರಬ್ಬರ್ ಅಂಚು ಸುತ್ತಲೂ ಕೂತಿದೆಯೇ, ಡಬ್ಬಿಯ ಕ್ಲಿಪ್ಪುಗಳೆಲ್ಲ ಸರಿಯಾಗಿ ಹಿಡಿದಿವೆಯೇ ಎಂದು ಪರಿಶೀಲಿಸಬೇಕು. ಫಿಲ್ಟರಿನ ಆಚೆ, ಎಂಜಿನ್ ಕಡೆಯ ಕೊಳವೆಯಲ್ಲಿ ದೂಳಿನ ಗೆರೆ ಕಂಡರೆ ಎಲ್ಲೋ ಸೋರಿಕೆ ಇದೆಯೆಂದೇ ತಿಳಿಯಬೇಕು.

ಸರ್ವಿಸ್ ಬಿಲ್ಲಿನಲ್ಲಿ ‘ಫಿಲ್ಟರ್ ಬದಲಾಯಿಸಲಾಗಿದೆ’ ಎಂದು ಬರೆದಿದ್ದರೆ ಅದು ಎಂಜಿನ್ನಿನದೋ ಅಥವಾ ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಎಸಿಯ ಬೇರೆ ಫಿಲ್ಟರೋ ಎಂದು ಕೇಳಿ, ಹಳೆಯದನ್ನು ತೋರಿಸಲು ಹೇಳುವ ಹಕ್ಕು ಗ್ರಾಹಕರಿಗಿದೆ. ಗ್ಯಾರೇಜಿನವರೂ ತಾವಾಗಿಯೇ ಅದನ್ನು ತೋರಿಸುವ ಪದ್ಧತಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ